ಅರ್ಧ ಬೆಲೆಯ ಪೋರ್ಷೆ, ಪೂರ್ತಿ ಬೆಲೆಯ ರಿಪೇರಿ

ಎಂಬತ್ತು ಲಕ್ಷ ರೂಪಾಯಿಯ ಸ್ಪೋರ್ಟ್ಸ್ ಕಾರು ಏಳೆಂಟು ವರ್ಷ ಓಡಿದ ಮೇಲೆ ಅರ್ಧ ಬೆಲೆಗೆ ಸಿಗಬಹುದು. ಅದರ ಬ್ರೇಕ್ ಡಿಸ್ಕ್, ಕ್ಲಚ್, ಟಯರ್, ಶಾಕ್ ಅಬ್ಸಾರ್ಬರ್ ಮಾತ್ರ ಅರ್ಧ ಬೆಲೆಗೆ ಸಿಗುವುದಿಲ್ಲ. ಕಾರಿಗೆ ವಯಸ್ಸಾಗುತ್ತದೆ, ಬಿಡಿಭಾಗಗಳ ದರಪಟ್ಟಿಗೆ ಆಗುವುದಿಲ್ಲ. ಭಾನುವಾರದ ಮೋಜಿಗೆಂದು ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರು ಕೊಂಡು ಕೈಸುಟ್ಟುಕೊಂಡವರಲ್ಲಿ ಹೆಚ್ಚಿನವರು ಎಡವುವುದು ಈ ಲೆಕ್ಕದಲ್ಲೇ. ಆನೆ ಕೊಳ್ಳಲು ಹೇಗೋ ಹಣ ಹೊಂದಿಸುತ್ತಾರೆ, ಅಂಕುಶಕ್ಕೆ ಪರದಾಡುತ್ತಾರೆ.

ಬೆಂಗಳೂರಿನಲ್ಲಿ ಈ ವ್ಯಾಪಾರ ಈಗ ಜೋರು. ಪೋರ್ಷೆ, ಬಿಎಂಡಬ್ಲ್ಯು, ಆಡಿ, ಮರ್ಸಿಡಿಸ್ ಕಂಪನಿಗಳೇ ತಮ್ಮ ಹಳೆಯ ಕಾರುಗಳನ್ನು ತಪಾಸಣೆ ಮಾಡಿ, ವಾರಂಟಿ ಸೇರಿಸಿ ಮಾರುತ್ತವೆ. ಐಷಾರಾಮಿ ಹಳೆಯ ಕಾರುಗಳನ್ನೇ ಮಾರುವ ಗಾಜಿನ ಶೋರೂಂಗಳಿವೆ. ಇವೆರಡೂ ಬೇಡವೆಂದರೆ ನೇರ ಮಾಲೀಕರು, ನಡುವೆ ಕಮಿಷನ್ನಿಗೆ ಓಡಾಡುವ ಬ್ರೋಕರುಗಳು. ಜಾಹೀರಾತಿನ ಭಾಷೆ ಎಲ್ಲ ಕಡೆಯೂ ಒಂದೇ: ಸಿಂಗಲ್ ಓನರ್, ಡಾಕ್ಟರ್ ಓಡಿಸಿದ ಗಾಡಿ, ಭಾನುವಾರ ಬಿಟ್ಟು ಬೇರೆ ದಿನ ಹೊರಗೇ ತೆಗೆದಿಲ್ಲ, ಹನ್ನೆರಡು ಸಾವಿರ ಕಿಲೋಮೀಟರ್ ಮಾತ್ರ. ಈ ನಾಲ್ಕರಲ್ಲಿ ಕೊನೆಯ ಎರಡು ನಿಜವಾಗಿದ್ದರೆ ಹೆಚ್ಚು ಎಚ್ಚರ ಬೇಕು. ಯಾಕೆಂದು ಮುಂದೆ ಹೇಳುತ್ತೇನೆ.

ಮೊದಲು ರಸ್ತೆ, ಆಮೇಲೆ ಕಾರು

ಕಾರು ಹುಡುಕುವವರು ಮೊದಲು ಕೇಳುವ ಪ್ರಶ್ನೆ ಎಷ್ಟು ಎಚ್‌ಪಿ ಎಂಬುದು. ಕೇಳಬೇಕಾದ್ದು, ಇದನ್ನು ಎಲ್ಲಿ ಓಡಿಸುತ್ತೇನೆ ಎಂದು.

ಬಿಎಂಡಬ್ಲ್ಯು ಎಂ2 ಕಾಂಪಿಟಿಷನ್ ನಿಂತಲ್ಲಿಂದ ಗಂಟೆಗೆ 100 ಕಿ.ಮೀ. ವೇಗ ಮುಟ್ಟಲು ನಾಲ್ಕು ಸೆಕೆಂಡು ಚಿಲ್ಲರೆ ಸಾಕು. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ವೇಗದ ಮಿತಿ 100. ಅಲ್ಲಿಗೆ, ನಾಲ್ಕು ಸೆಕೆಂಡಿನಲ್ಲಿ ಕಾನೂನುಬದ್ಧ ಮೋಜು ಮುಗಿಯಿತು. ಆ ರಸ್ತೆಯುದ್ದಕ್ಕೂ ಕ್ಯಾಮೆರಾಗಳಿವೆ. 2024ರ ಆಗಸ್ಟ್ 1ರಿಂದ ರಾಜ್ಯದ ಯಾವ ರಸ್ತೆಯಲ್ಲೇ ಆಗಲಿ 130 ಕಿ.ಮೀ. ದಾಟಿದವರ ಮೇಲೆ ಎಫ್‌ಐಆರ್ ಹಾಕುವುದಾಗಿ ರಾಜ್ಯ ಪೊಲೀಸರು ಪ್ರಕಟಿಸಿದರು. ಬಿಡದಿಯ ತಟ್ಟೆ ಇಡ್ಲಿಗೋ ಹೊಸಕೋಟೆಯ ಬಿರಿಯಾನಿಗೋ ಹೋಗಿ ಬರಲು 400 ಎಚ್‌ಪಿ ಇಟ್ಟುಕೊಂಡವರು ಅದರಲ್ಲಿ ಬಳಸುವುದು ಎಷ್ಟು ಎಂದು ಅವರೇ ಲೆಕ್ಕ ಹಾಕಿಕೊಳ್ಳಲಿ.

ನಮ್ಮಲ್ಲಿ ಓಡಿಸುವ ಖುಷಿ ಇರುವುದು ಘಾಟಿಗಳಲ್ಲಿ. ಕೊಟ್ಟಿಗೆಹಾರದಿಂದ ಇಳಿಯುವ ಚಾರ್ಮಾಡಿ, ಕಳಸದಿಂದ ಕಾರ್ಕಳದ ಕಡೆಗೆ ಹೋಗುವ ಕುದುರೆಮುಖದ ರಸ್ತೆ, ಆಗುಂಬೆಯ ಹದಿನಾಲ್ಕು ಹೇರ್‌ಪಿನ್ ತಿರುವುಗಳು, ಚಿಕ್ಕಮಗಳೂರಿನ ಗಿರಿಗಳು. ರಾಷ್ಟ್ರೀಯ ರ‍್ಯಾಲಿ ಚಾಂಪಿಯನ್‌ಷಿಪ್ಪಿನ ಸುತ್ತು ಚಿಕ್ಕಮಗಳೂರಿನ ಕಾಫಿ ತೋಟಗಳ ನಡುವೆ ನಡೆಯುತ್ತಾ ಬಂದಿರುವುದು ಸುಮ್ಮನೆ ಅಲ್ಲ. ಈ ರಸ್ತೆಗಳಲ್ಲಿ ಕೆಲಸ ಮಾಡುವುದು ಎರಡನೇ, ಮೂರನೇ ಗೇರು. ವೇಗ 40ರಿಂದ 70ರ ನಡುವೆ. ಅಲ್ಲಿ ಸ್ಟೀರಿಂಗ್ ಎಷ್ಟು ಮಾತಾಡುತ್ತದೆ, ಬ್ರೇಕಿಗೆ ಕಾಲಿಟ್ಟರೆ ಎಷ್ಟು ನಂಬಿಕೆ ಬರುತ್ತದೆ, ಗಾಡಿ ಎಷ್ಟು ಹಗುರ, ಎಷ್ಟು ಕಿರಿದು ಎಂಬುದಷ್ಟೇ ಲೆಕ್ಕಕ್ಕೆ ಬರುತ್ತದೆ. ಎದುರಿಗೆ ಕೆಎಸ್‌ಆರ್‌ಟಿಸಿ ಬಸ್ಸು ತಿರುವಿನಲ್ಲಿ ಪೂರ್ತಿ ರಸ್ತೆ ತೆಗೆದುಕೊಂಡು ಬಂದಾಗ ಐದು ಲೀಟರಿನ ವಿ8 ಎಂಜಿನ್ನು ಯಾವ ಸಹಾಯವನ್ನೂ ಮಾಡುವುದಿಲ್ಲ. ಆ ರಸ್ತೆಗಳಲ್ಲಿ ಶಾಲೆಗೆ ಹೋಗುವ ಮಕ್ಕಳು, ದನ, ತೋಟದ ಜೀಪು ಎಲ್ಲವೂ ಇರುತ್ತವೆ. ಅದು ಯಾರ ರೇಸ್ ಟ್ರ್ಯಾಕೂ ಅಲ್ಲ.

ಹಂಪ್ ವಿಚಾರ ಬೇರೆಯೇ ಇದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಲೆಕ್ಕದಲ್ಲಿ ರಸ್ತೆ ಉಬ್ಬು 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ ಇರಬೇಕು, ಅಂದರೆ ನಿಧಾನವಾಗಿ ಏರಿ ಇಳಿಯಬೇಕು. ಊರೂರಿನಲ್ಲಿ ಪಂಚಾಯಿತಿಯವರೋ ಊರಿನವರೋ ಹಾಕಿಸಿದ ಹಂಪ್‌ಗಳಿಗೆ ಈ ಅಳತೆ ಗೊತ್ತಿಲ್ಲ. ನೆಲದಿಂದ ನೂರ ಮೂವತ್ತು ಮಿ.ಮೀ. ಆಸುಪಾಸು ಮೇಲಿರುವ ಸ್ಪೋರ್ಟ್ಸ್ ಕಾರಿನ ಹೊಟ್ಟೆ ಅಲ್ಲಿ ಉಜ್ಜುತ್ತದೆ. ಆದ್ದರಿಂದ ಕಾರು ನೋಡಲು ಹೋದಾಗ ಬಾಡಿ ಎಷ್ಟು ಹೊಳೆಯುತ್ತಿದೆ ಎಂದು ನೋಡುವ ಮೊದಲು ಅದನ್ನು ಲಿಫ್ಟಿನ ಮೇಲೆ ಎತ್ತಿಸಿ ಕೆಳಗಿನಿಂದ ನೋಡಿ. ಹಿಂದಿನ ಮಾಲೀಕರ ಸ್ವಭಾವ ಅಲ್ಲಿ ಬರೆದಿರುತ್ತದೆ. ಮುಂಭಾಗವನ್ನು ಬಟನ್ ಒತ್ತಿ ಎತ್ತುವ ಲಿಫ್ಟ್ ವ್ಯವಸ್ಥೆ ಇರುವ ಗಾಡಿ ಸಿಕ್ಕರೆ ಸ್ವಲ್ಪ ಹೆಚ್ಚು ಕೊಟ್ಟಾದರೂ ತೆಗೆದುಕೊಳ್ಳುವುದು ಲಾಭ.

ನಿಜವಾಗಿ ವೇಗದ ಹುಚ್ಚು ಇರುವವರಿಗೆ ಜಾಗ ಇರುವುದು ತಮಿಳುನಾಡಿನಲ್ಲಿ. ಚೆನ್ನೈ ಹೆದ್ದಾರಿಯಲ್ಲಿ ಶ್ರೀಪೆರಂಬುದೂರಿನ ಹತ್ತಿರ ಇರುಂಗಾಟ್ಟುಕೋಟೆಯ ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕಿಟ್, ಸುಮಾರು 3.7 ಕಿ.ಮೀ. ಉದ್ದದ್ದು, ಕೊಯಮತ್ತೂರಿನ ಬಳಿ ರೇಸ್ ಚಾಲಕ ಎಸ್. ಕರಿವರ್ಧನ್ ಹೆಸರಿನಲ್ಲಿರುವ ಕರಿ ಮೋಟಾರ್ ಸ್ಪೀಡ್‌ವೇ. ಎರಡೂ ಬೆಂಗಳೂರಿನಿಂದ ಒಂದು ದಿನದ ದಾರಿಯೊಳಗೆ. ಅಲ್ಲಿ ಟ್ರ್ಯಾಕ್ ಡೇ ದಿನ ಶುಲ್ಕ ಕಟ್ಟಿ, ಹೆಲ್ಮೆಟ್ ಹಾಕಿ ಓಡಿಸಬಹುದು. ನೆನಪಿಡಬೇಕಾದ ಒಂದು ಮಾತು: ನಮ್ಮ ಖಾಸಗಿ ಕಾರಿನ ಇನ್ಶೂರೆನ್ಸ್ ಪಾಲಿಸಿಗಳಲ್ಲಿ ರೇಸ್, ವೇಗ ಪರೀಕ್ಷೆ, ಪೇಸ್ ಮೇಕಿಂಗ್ ಇವೆಲ್ಲ ಹೊರಗಿಟ್ಟ ಸಂಗತಿಗಳು. ಟ್ರ್ಯಾಕಿನ ಗೋಡೆಗೆ ಹೊಡೆದರೆ ಪೂರ್ತಿ ಬಿಲ್ಲು ನಿಮ್ಮದೇ.

ಯಾವ ಕಾರು

ನಮ್ಮಲ್ಲಿ ಮಧ್ಯಮ ವರ್ಗದ ಕಾರುಪ್ರೇಮಿಗಳಿಗೆ ಈ ರುಚಿ ಹಚ್ಚಿದ್ದು ಸ್ಕೋಡಾ ಆಕ್ಟೇವಿಯಾ. 2004ರಲ್ಲಿ, ಟರ್ಬೊ ಪೆಟ್ರೋಲ್ ಎಂಜಿನ್ನೇ ಅಪರೂಪವಾಗಿದ್ದ ಕಾಲದಲ್ಲಿ, 1.8 ಲೀಟರಿನ 150 ಎಚ್‌ಪಿ ಆರ್‌ಎಸ್ ಇಲ್ಲಿಗೆ ಬಂತು. 2017ರಲ್ಲಿ ಬಂದ ವಿಆರ್‌ಎಸ್ 230ಕ್ಕೆ ಆಗ ಶೋರೂಂ ಬೆಲೆ ₹24.62 ಲಕ್ಷ. 2020ರಲ್ಲಿ ವಿಆರ್‌ಎಸ್ 245, ಪೂರ್ಣ ಆಮದು, 200 ಮಾತ್ರ, ₹36 ಲಕ್ಷ. 2025ರ ಅಕ್ಟೋಬರಿನಲ್ಲಿ ಹೊಸ ಆಕ್ಟೇವಿಯಾ ಆರ್‌ಎಸ್ ನೂರೇ ನೂರು ಕಾರು, ₹49.99 ಲಕ್ಷಕ್ಕೆ ಬಂದು ಬುಕಿಂಗ್‌ನಲ್ಲೇ ಮುಗಿದವು. ಹೊಸದು ಸಿಗದಿದ್ದವರು ಹಳೆಯದರ ಕಡೆ ತಿರುಗುತ್ತಾರೆ. ಹೀಗಾಗಿ ಒಳ್ಳೆಯ ವಿಆರ್‌ಎಸ್‌ಗಳ ಬೆಲೆ ಬೇರೆ ಕಾರುಗಳಂತೆ ಧೊಪ್ಪನೆ ಬಿದ್ದಿಲ್ಲ.

ನನ್ನ ಮಟ್ಟಿಗೆ ಕರ್ನಾಟಕದ ರಸ್ತೆಗೆ, ಕರ್ನಾಟಕದ ಕುಟುಂಬಕ್ಕೆ ಇದಕ್ಕಿಂತ ಹೊಂದುವ ಮೋಜಿನ ಕಾರು ಇಲ್ಲ. ನಾಲ್ಕು ಜನ ಕೂರುತ್ತಾರೆ, 590 ಲೀಟರಿನ ಡಿಕ್ಕಿ ಇದೆ, ಹೊರಗಿನಿಂದ ನೋಡಿದವರಿಗೆ ಮಾಮೂಲಿ ಸೆಡಾನಿನಂತೆ ಕಾಣುತ್ತದೆ. ಮನೆಯಲ್ಲಿ ಒಪ್ಪಿಗೆ ಪಡೆಯುವುದಕ್ಕೂ ಸುಲಭ. ಎರಡೇ ಸೀಟಿನ ಕಾರಿಗೆ ಹೆಂಡತಿ ಮಕ್ಕಳ ಎದುರು ಸಮರ್ಥನೆ ಕೊಡುವುದು ಎಲ್ಲರಿಗೂ ಆಗುವ ಕೆಲಸವಲ್ಲ. ನೋಡಬೇಕಾದ್ದು ಎರಡು. ಒಂದು, ಡಿಎಸ್‌ಜಿ ಗೇರ್‌ಬಾಕ್ಸಿನ ಎಣ್ಣೆ ಹೊತ್ತಿಗೆ ಸರಿಯಾಗಿ ಬದಲಾಗಿದೆಯೇ. 230ರ ಆರು ಗೇರಿನ ಡಬ್ಬಕ್ಕೆ 60 ಸಾವಿರ ಕಿ.ಮೀ.ಗೊಮ್ಮೆ ಎಣ್ಣೆ, ಫಿಲ್ಟರ್ ಬದಲಿಸಬೇಕು. ಬಿಲ್ಲಿಲ್ಲದಿದ್ದರೆ ಆಗಿಲ್ಲ ಎಂದೇ ತಿಳಿಯಿರಿ. ಎರಡು, ಎಂಜಿನ್ನಿನ ಸಾಫ್ಟ್‌ವೇರ್ ಯಾರಾದರೂ ಕೆದಕಿದ್ದಾರೆಯೇ.

ಈ ಎರಡನೆಯದು ಬಹಳ ಮುಖ್ಯ. ಬೆಂಗಳೂರಿನಲ್ಲೂ ಕೊಯಮತ್ತೂರಿನಲ್ಲೂ ‘ಸ್ಟೇಜ್ 1’, ‘ಸ್ಟೇಜ್ 2’ ಎಂದು ಎಂಜಿನ್ ಮ್ಯಾಪ್ ಬದಲಿಸಿ ಶಕ್ತಿ ಏರಿಸಿಕೊಂಡ ಆಕ್ಟೇವಿಯಾ, ಫೋಕ್ಸ್‌ವ್ಯಾಗನ್ ಪೋಲೋಗಳು ಬೇಕಾದಷ್ಟು. ಮಾರುವ ಮೊದಲು ಹಳೆಯ ಮ್ಯಾಪ್ ಹಾಕಿಸಿ ಏನೂ ಗೊತ್ತಿಲ್ಲದವರಂತೆ ನಿಲ್ಲುತ್ತಾರೆ. ಮ್ಯಾಪ್ ಹಿಂದಕ್ಕೆ ಹೋಗುತ್ತದೆ, ಅಷ್ಟು ಕಾಲ ಹೆಚ್ಚುವರಿ ಒತ್ತಡ ತಿಂದ ಟರ್ಬೊ, ಕ್ಲಚ್ ಹಿಂದಕ್ಕೆ ಹೋಗುವುದಿಲ್ಲ. ಫೋಕ್ಸ್‌ವ್ಯಾಗನ್ ಗುಂಪಿನ ಕಾರುಗಳಲ್ಲಿ ಹೀಗೆ ಸಾಫ್ಟ್‌ವೇರ್ ಬದಲಾದದ್ದು ಕಂಪನಿಯ ಕಂಪ್ಯೂಟರಿಗೆ ಗೊತ್ತಾದರೆ ‘ಟಿಡಿ1’ ಎಂಬ ಗುರುತು ಬೀಳುತ್ತದೆ, ವಾರಂಟಿ ಅಲ್ಲಿಗೆ ಮುಗಿಯುತ್ತದೆ. ಡೀಲರ್ ಸರ್ವಿಸ್ ಸೆಂಟರಿನಲ್ಲಿ ಒಮ್ಮೆ ಸ್ಕ್ಯಾನ್ ಮಾಡಿಸಲು ಮಾರುವವರು ಒಪ್ಪದಿದ್ದರೆ ನಮಸ್ಕಾರ ಹೇಳಿ ಬನ್ನಿ.

ಪೋಲೋ ಜಿಟಿಐ ಇನ್ನೊಂದು ಆಸೆ ಹುಟ್ಟಿಸುವ ಗಾಡಿ. 2016ರ ನವೆಂಬರಿನಲ್ಲಿ 99 ಕಾರುಗಳನ್ನು ₹25.99 ಲಕ್ಷಕ್ಕೆ ಮಾರಲು ಹೊರಟ ಕಂಪನಿ, ಮುಂದಿನ ವರ್ಷ ಬೆಲೆಯನ್ನು ₹19.99 ಲಕ್ಷಕ್ಕೆ ಇಳಿಸಬೇಕಾಯಿತು. ಅದೇ ಪೋಲೋ ಮುಖ, ಮೂರು ಬಾಗಿಲು, ಒಳಗೆ 192 ಎಚ್‌ಪಿ. ಚಾರ್ಮಾಡಿಯಂಥ ರಸ್ತೆಗೆ ಹೇಳಿ ಮಾಡಿಸಿದ್ದು. ಅದರ ಏಳು ಗೇರಿನ ಡಿಎಸ್‌ಜಿ ಒಣ ಕ್ಲಚ್ಚಿನದ್ದು, ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್ಕಿನಲ್ಲಿ ಬಿಸಿಯೇರುವ ಜಾತಿ. ದಿನವೂ ಆಫೀಸಿಗೆ ಓಡಿದ ಜಿಟಿಐ ಬೇಡ.

ಫಿಯೆಟ್ಟಿನ ಅಬಾರ್ಥ್ ಪುಂಟೊ ಬಗ್ಗೆ ಎರಡೇ ಮಾತು. 2015ರಲ್ಲಿ ₹9.95 ಲಕ್ಷಕ್ಕೆ 145 ಎಚ್‌ಪಿ ಕೊಟ್ಟ ಕಾರು ಅದು, ಸ್ಟೀರಿಂಗ್ ಇವತ್ತಿಗೂ ಬೆರಗು. ಫಿಯೆಟ್ ಇಲ್ಲಿ ಕಾರು ಮಾರುವುದನ್ನೇ ನಿಲ್ಲಿಸಿದ್ದರಿಂದ ಬಿಡಿಭಾಗ ಹುಡುಕುವುದೇ ಒಂದು ಉದ್ಯೋಗವಾಗುತ್ತದೆ. ಅಂಥ ಅಲೆದಾಟ ಇಷ್ಟಪಡುವವರಿಗೆ ಮಾತ್ರ.

ಫೋರ್ಡ್ ಮಸ್ಟಾಂಗ್ 2016ರಲ್ಲಿ ₹65 ಲಕ್ಷಕ್ಕೆ ಬಂದಾಗ ಬೆಂಗಳೂರಿನ ಅರ್ಧ ಹುಡುಗರ ವಾಲ್‌ಪೇಪರ್ ಆಗಿತ್ತು. ಐದು ಲೀಟರಿನ ವಿ8, ಸುಮಾರು 400 ಎಚ್‌ಪಿ. ಶಬ್ದ ಅದ್ಭುತ. ನೇರ ರಸ್ತೆಯಲ್ಲಿ ಅದರ ಠೀವಿಗೆ ಸಾಟಿ ಇಲ್ಲ. ಅಗಲವೋ, ನಮ್ಮ ಘಾಟಿಗೆ ಹೇಳಿದ್ದಲ್ಲ. 2021ರಲ್ಲಿ ಫೋರ್ಡ್ ಭಾರತದಲ್ಲಿ ಕಾರು ತಯಾರಿಕೆ ನಿಲ್ಲಿಸಿದ ಮೇಲೆ ಇದರ ಮಾಲೀಕರ ಚಿಂತೆ ಏನೆಂದು ವಿವರಿಸಬೇಕಿಲ್ಲ.

ಎಂ2 ಕಾಂಪಿಟಿಷನ್ 2018ರ ನವೆಂಬರಿನಲ್ಲಿ ₹79.90 ಲಕ್ಷಕ್ಕೆ ಬಂತು. 410 ಎಚ್‌ಪಿ, ಹಿಂದಿನ ಚಕ್ರಗಳಿಗೆ. ಒಳ್ಳೆಯ ಚಾಲಕರ ಕೈಯಲ್ಲಿ ಇದು ಈ ಪಟ್ಟಿಯ ಅತಿ ಮಜವಾದ ಕಾರು. ಮಳೆಗಾಲದ ಸಕಲೇಶಪುರದಲ್ಲಿ ಹೊಸಬರ ಕೈಯಲ್ಲಿ ಅತಿ ಅಪಾಯದ್ದು. ಇದರ ಎಂಜಿನ್ನಿನಲ್ಲಿ ಕ್ರ್ಯಾಂಕ್ ಹಬ್ ಎಂಬ ಭಾಗ ಜಾರುವ ತೊಂದರೆ ಜಗತ್ತಿನಾದ್ಯಂತ ಹೆಸರಾಗಿದೆ, ಮುಖ್ಯವಾಗಿ ಶಕ್ತಿ ಏರಿಸಿದ ಗಾಡಿಗಳಲ್ಲಿ. ಮ್ಯಾಪ್ ಬದಲಾಗದ ಎಂ2 ಆದರೆ ಸರಿ, ಇಲ್ಲದಿದ್ದರೆ ಮುಟ್ಟಬೇಡಿ.

ಇನ್ನು ಪೋರ್ಷೆ. ಹೆಸರಿನ ಆಸೆಗೆ ಹೆಚ್ಚಿನವರು ಬರುವುದು ಬಾಕ್ಸ್‌ಟರ್ ಮತ್ತು ಕೇಮನ್ ಹತ್ತಿರ. ಎಂಜಿನ್ನು ಚಾಲಕನ ಬೆನ್ನ ಹಿಂದೆ, ಕಾರಿನ ನಡುಮಧ್ಯದಲ್ಲಿ ಇರುವುದರಿಂದ ತಿರುವಿನಲ್ಲಿ ಇವು ತಿರುಗುವ ರೀತಿಯೇ ಬೇರೆ. ಇಲ್ಲಿ ಮಾಡೆಲ್ ವರ್ಷ ಗೊತ್ತಿಲ್ಲದೆ ಚೌಕಾಸಿಗೆ ಕೂರಬಾರದು.

1996ರಲ್ಲಿ ಬಂದ ಮೊದಲ ಬಾಕ್ಸ್‌ಟರ್‌ನಿಂದ 2008ರವರೆಗಿನ ಎಂಜಿನ್ನುಗಳಲ್ಲಿ ಐಎಂಎಸ್ ಬೇರಿಂಗ್ ಎಂಬ ಸಣ್ಣ ಭಾಗವಿದೆ. ಕ್ಯಾಮ್‌ಶಾಫ್ಟುಗಳನ್ನು ಓಡಿಸುವ ಮಧ್ಯದ ದಂಡವನ್ನು ಹಿಡಿದಿರುವ ಬೇರಿಂಗ್ ಅದು. ಅದು ಒಡೆದರೆ ವಾಲ್ವು, ಪಿಸ್ಟನ್ ಒಂದಕ್ಕೊಂದು ಬಡಿದು ಇಡೀ ಎಂಜಿನ್ ಗುಜರಿಗೆ. ಅಮೆರಿಕದಲ್ಲಿ ಮಾಲೀಕರು ಕಂಪನಿಯ ಮೇಲೆ ಹೂಡಿದ್ದ ಸಾಮೂಹಿಕ ದಾವೆ ರಾಜಿಯಲ್ಲಿ ಮುಗಿಯಿತು. ಎಲ್ಲ ಗಾಡಿಗೂ ಹೀಗಾಗುತ್ತದೆ ಎಂದಲ್ಲ. ಬಹಳ ಗಾಡಿಗಳಿಗೆ ಆಗಿಲ್ಲ. ವಿಚಿತ್ರವೆಂದರೆ, ಚೆನ್ನಾಗಿ ಓಡಿಸಿ ಹೊತ್ತಿಗೆ ಎಣ್ಣೆ ಬದಲಿಸಿದ ಗಾಡಿಗಳಿಗಿಂತ ಗ್ಯಾರೇಜಿನಲ್ಲಿ ಮುಚ್ಚಿಟ್ಟ ಗಾಡಿಗಳಲ್ಲೇ ಈ ತೊಂದರೆ ಹೆಚ್ಚು ಎಂದು ಪೋರ್ಷೆ ಮೆಕ್ಯಾನಿಕ್‌ಗಳು ಹೇಳುತ್ತಾ ಬಂದಿದ್ದಾರೆ. ಬೇರಿಂಗ್ ಬದಲಿಸಿದ ಬಿಲ್ ಇದ್ದರೆ ಪರವಾಗಿಲ್ಲ. 2009ರಿಂದ ಬಂದ ಹೊಸ ಎಂಜಿನ್ನಿನಲ್ಲಿ ಆ ದಂಡವೂ ಇಲ್ಲ, ಬೇರಿಂಗೂ ಇಲ್ಲ.

2012ರಿಂದ 2016ರವರೆಗಿನ 981 ಪೀಳಿಗೆ ಹಲವು ಅಭಿಮಾನಿಗಳ ಪ್ರಕಾರ ಇವುಗಳಲ್ಲಿ ಅತ್ಯುತ್ತಮ. ಟರ್ಬೊ ಇಲ್ಲದ ಆರು ಸಿಲಿಂಡರು, ಕಿವಿಗೆ ಹಬ್ಬ. ಆಮೇಲೆ ಬಂದ 718ಕ್ಕೆ ನಾಲ್ಕು ಸಿಲಿಂಡರಿನ ಟರ್ಬೊ. 2017ರ ಫೆಬ್ರುವರಿಯಲ್ಲಿ ಇಲ್ಲಿಗೆ ಬಂದಾಗ 718 ಕೇಮನ್‌ಗೆ ₹81.63 ಲಕ್ಷ, ಬಾಕ್ಸ್‌ಟರ್‌ಗೆ ₹85.53 ಲಕ್ಷ. ಓಡಾಟದಲ್ಲಿ 718 ಹೆಚ್ಚು ಚುರುಕು, ಸಂಗೀತದಲ್ಲಿ ಸೋಲು. ನನ್ನ ಮತ 981ಕ್ಕೆ. ಮ್ಯಾನ್ಯುಯಲ್ ಗೇರೇ ಬೇಕೆಂದು ಹಟ ಹಿಡಿದರೆ ನಮ್ಮ ದೇಶದಲ್ಲಿ ವರ್ಷಗಟ್ಟಲೆ ಕಾಯಬೇಕಾಗುತ್ತದೆ; ಪಿಡಿಕೆ ಎಂಬ ಆಟೊಮ್ಯಾಟಿಕ್ ಗೇರ್‌ಬಾಕ್ಸು ಗಟ್ಟಿಮುಟ್ಟಾದದ್ದು, ಅದಕ್ಕೆ ಮೂಗು ಮುರಿಯಬೇಡಿ.

ಬಾಕ್ಸ್‌ಟರ್ ಕೊಳ್ಳುವವರಿಗೆ ಒಂದು ಬೆಂಗಳೂರಿನ ಮಾತು. ಮಲ್ಲೇಶ್ವರ, ಜಯನಗರದಂಥ ಮರಗಳ ಬಡಾವಣೆಯಲ್ಲಿ ಹೊರಗೆ ನಿಂತ ಬಾಕ್ಸ್‌ಟರ್‌ನ ಬಟ್ಟೆ ಚಾವಣಿಯ ನೀರು ಹರಿಯುವ ಕಿಂಡಿಗಳಲ್ಲಿ ಎಲೆ, ಹೂವು ತುಂಬಿಕೊಳ್ಳುತ್ತವೆ. ಮಳೆ ಬಂದಾಗ ನೀರು ಒಳಗಿಳಿಯುತ್ತದೆ. ಹಳೆಯ ಬಾಕ್ಸ್‌ಟರ್‌ಗಳಲ್ಲಿ ಸೀಟಿನ ಕೆಳಗೇ ಎಲೆಕ್ಟ್ರಾನಿಕ್ ಡಬ್ಬ ಕೂತಿದೆ. ಅದು ನೆನೆದರೆ ಗಾಡಿ ಸ್ಟಾರ್ಟೇ ಆಗುವುದಿಲ್ಲ. ಮುಂದಿನ ಬಂಪರಿನ ಕಿಂಡಿಗಳಲ್ಲೂ ಇದೇ ಕಸ ಸೇರಿ ರೇಡಿಯೇಟರು, ಎಸಿ ಕಂಡೆನ್ಸರು ಕೊಳೆಯುತ್ತವೆ. ಟಾರ್ಚ್ ಹಿಡಿದು ಇಣುಕಿ ನೋಡಿದರೆ ಕಾಣುತ್ತದೆ. ಐದು ನಿಮಿಷದ ಕೆಲಸ.

ಕಡಿಮೆ ಓಡಿದ ಗಾಡಿ ಎಂಬ ಭ್ರಮೆ

ಮಾರುತಿ ಆಲ್ಟೊ ಕೊಳ್ಳುವಾಗ ಕಡಿಮೆ ಕಿಲೋಮೀಟರ್ ನೋಡುವುದು ಸರಿ. ಆದರೆ ಹತ್ತು ವರ್ಷದಲ್ಲಿ ಹನ್ನೆರಡು ಸಾವಿರ ಓಡಿದ ಸ್ಪೋರ್ಟ್ಸ್ ಕಾರು ಎಂದರೆ ತಿಂಗಳಿಗೆ ನೂರು ಕಿಲೋಮೀಟರ್. ಅಷ್ಟರಲ್ಲಿ ಎಂಜಿನ್ ಎಣ್ಣೆ ಸರಿಯಾಗಿ ಬಿಸಿಯೂ ಆಗಿರುವುದಿಲ್ಲ. ಒಳಗೆ ತೇವ ಉಳಿಯುತ್ತದೆ, ರಬ್ಬರ್ ಸೀಲುಗಳು ಒಣಗುತ್ತವೆ, ಬ್ರೇಕ್ ಆಯಿಲ್ ನೀರು ಹೀರುತ್ತದೆ, ಬ್ಯಾಟರಿ ಸಾಯುತ್ತದೆ, ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಇಲಿಗಳು ವೈರಿಂಗ್ ಕಡಿಯುತ್ತವೆ. ಇಂಥ ಗಾಡಿಗಿಂತ 40 ಸಾವಿರ ಓಡಿ ಪ್ರತಿ ವರ್ಷ ಸರ್ವಿಸ್ ಆದ ಗಾಡಿ ನೂರು ಪಾಲು ಮೇಲು. ಸರ್ವಿಸ್ ಕಡತದಲ್ಲಿ ಕಿಲೋಮೀಟರಿಗಿಂತ ಮೊದಲು ತಾರೀಖು ನೋಡಿ. ನಡುವೆ ಮೂರು ವರ್ಷ ಬಿಲ್ಲೇ ಇಲ್ಲದಿದ್ದರೆ ಆ ಮೂರು ವರ್ಷ ಗಾಡಿ ಎಲ್ಲಿತ್ತು ಎಂಬ ಪ್ರಶ್ನೆಗೆ ಉತ್ತರ ಬೇಕು.

ಟಯರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಎಂದಿದ್ದರೆ 2019ರ 23ನೇ ವಾರ ತಯಾರಾದದ್ದು. ಭಾನುವಾರದ ಕಾರುಗಳ ಟಯರ್ ಸವೆಯುವುದಿಲ್ಲ, ಮುದಿಯಾಗುತ್ತದೆ. ನೋಡಲು ಹೊಸದರಂತೆ, ರಬ್ಬರ್ ಮಾತ್ರ ಗಟ್ಟಿ. ಒದ್ದೆ ರಸ್ತೆಯಲ್ಲಿ ಜಾರುತ್ತದೆ. ಆರು ವರ್ಷ ದಾಟಿದ್ದರೆ ನಾಲ್ಕೂ ಬದಲಿಸುವ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ. ಮುಂದೆ ಒಂದು ಕಂಪನಿ, ಹಿಂದೆ ಇನ್ನೊಂದು ಅಗ್ಗದ ಕಂಪನಿ ಟಯರ್ ಕಂಡರೆ ಹಿಂದಿನವರು ಖರ್ಚಿಗೆ ಅಂಜಿದ್ದಾರೆ ಎಂದರ್ಥ. ಟಯರಿನಲ್ಲಿ ಜಿಪುಣತನ ಮಾಡಿದವರು ಎಣ್ಣೆಯಲ್ಲಿ ಧಾರಾಳಿಯಾಗಿರುವುದು ನಾನು ಕಂಡಿಲ್ಲ. ಹಾಗೆಯೇ ಕಾರ್ಬನ್ ಸೆರಾಮಿಕ್ ಬ್ರೇಕ್ ಇರುವ ಗಾಡಿ ಹೆಮ್ಮೆಯಿಂದ ತೋರಿಸುತ್ತಾರೆ. ಆ ಡಿಸ್ಕುಗಳು ಮುಗಿದರೆ ಬಿಲ್ಲು ಹಲವು ಲಕ್ಷಕ್ಕೆ ಹೋಗುತ್ತದೆ. ಟ್ರ್ಯಾಕಿಗೆ ಹೋಗದವರಿಗೆ ಮಾಮೂಲಿ ಉಕ್ಕಿನ ಡಿಸ್ಕೇ ಕ್ಷೇಮ.

ಪೆಟ್ರೋಲ್ ವಿಚಾರವೂ ಈಗ ಸರಳವಾಗಿ ಉಳಿದಿಲ್ಲ. ಶೇ 20 ಎಥೆನಾಲ್ ಬೆರೆತ ಇ20 ಪೆಟ್ರೋಲನ್ನು ಪ್ರಧಾನಿ ಬಿಡುಗಡೆ ಮಾಡಿದ್ದು ಬೆಂಗಳೂರಿನಲ್ಲೇ, 2023ರ ಫೆಬ್ರುವರಿಯ ಇಂಡಿಯಾ ಎನರ್ಜಿ ವೀಕ್‌ನಲ್ಲಿ. ಈಗ ಬಹುತೇಕ ಎಲ್ಲ ಬಂಕ್‌ಗಳಲ್ಲೂ ಅದೇ. ಎಥೆನಾಲ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ, ಹಳೆಯ ರಬ್ಬರ್ ಪೈಪುಗಳಿಗೆ ಒಗ್ಗುವುದಿಲ್ಲ. ದಿನವೂ ಓಡುವ ಗಾಡಿಯಲ್ಲಿ ಪೆಟ್ರೋಲ್ ಬೇಗ ಖಾಲಿಯಾಗುತ್ತದೆ. ತಿಂಗಳುಗಟ್ಟಲೆ ನಿಲ್ಲುವ ಹಳೆಯ ಗಾಡಿಗೆ ಇದು ನಿಜವಾದ ತಲೆನೋವು. ಪೆಟ್ರೋಲ್ ಮುಚ್ಚಳದ ಒಳಗೆ ಯಾವ ಆಕ್ಟೇನ್, ಎಷ್ಟು ಎಥೆನಾಲ್ ಎಂದು ಬರೆದಿರುತ್ತದೆ, ಓದಿ. ಎಥೆನಾಲ್ ಬೆರೆಸದ ಪೆಟ್ರೋಲ್ ಆದ ಎಕ್ಸ್‌ಪಿ100 ನಗರದ ಕೆಲವು ಬಂಕ್‌ಗಳಲ್ಲಿ ದುಬಾರಿ ಬೆಲೆಗೆ ಸಿಗುತ್ತದೆ. ಚಿಕ್ಕಮಗಳೂರಿನಿಂದಾಚೆ ಅದನ್ನು ಹುಡುಕಬೇಡಿ.

ಪರೀಕ್ಷೆಗೆ ಹೋಗುವಾಗ ಮೊದಲೇ ಫೋನ್ ಮಾಡಿ, ಎಂಜಿನ್ ಸ್ಟಾರ್ಟ್ ಮಾಡದೆ ಇಡಲು ಹೇಳಿ. ಹೋದ ಕೂಡಲೇ ಬಾನೆಟ್ ಮುಟ್ಟಿ. ಬಿಸಿಯಾಗಿದ್ದರೆ ಏನೋ ಮುಚ್ಚಿಡುತ್ತಿದ್ದಾರೆ. ತಣ್ಣನೆಯ ಎಂಜಿನ್ ಮೊದಲ ಹತ್ತು ಸೆಕೆಂಡಿನಲ್ಲಿ ಮಾಡುವ ಶಬ್ದ, ಬಿಡುವ ಹೊಗೆ ಬೇರೆ ಯಾವ ಪರೀಕ್ಷೆಯೂ ಹೇಳದ್ದನ್ನು ಹೇಳುತ್ತದೆ. ನೀಲಿ ಹೊಗೆ ನಿಲ್ಲದೆ ಬಂದರೆ ಎಣ್ಣೆ ಉರಿಯುತ್ತಿದೆ. ಪೋರ್ಷೆಯ ಮಲಗಿದ ಸಿಲಿಂಡರಿನ ಎಂಜಿನ್ನುಗಳಲ್ಲಿ ಸ್ಟಾರ್ಟ್ ಮಾಡಿದಾಗ ಒಮ್ಮೆ ಸ್ವಲ್ಪ ಹೊಗೆ ಬಂದು ನಿಂತರೆ ಗಾಬರಿ ಬೇಡ.

ಪೇಂಟಿನ ದಪ್ಪ ಅಳೆಯುವ ಮೀಟರ್ ಕೆಲವು ಸಾವಿರ ರೂಪಾಯಿಗೆ ಸಿಗುತ್ತದೆ. ಫ್ಯಾಕ್ಟರಿ ಪೇಂಟು ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್. 200 ದಾಟಿದ ಕಡೆ ಮತ್ತೆ ಪೇಂಟಾಗಿದೆ. ಅದಕ್ಕೂ ಬಹಳ ಹೆಚ್ಚಿದ್ದರೆ ಕೆಳಗೆ ಪುಟ್ಟಿ ಇದೆ. ಒಂದು ಬಂಪರ್ ಬಣ್ಣವಾಗಿದ್ದರೆ ನಮ್ಮ ಊರಿನಲ್ಲಿ ಅದು ಸಹಜ. ಮೇಲ್ಚಾವಣಿ, ಬಾಗಿಲ ಕಂಬಗಳು ಬಣ್ಣವಾಗಿದ್ದರೆ ಅಪಘಾತ.

ಪೋರ್ಷೆಗಳಲ್ಲಿ ಇನ್ನೊಂದು ವಿಶೇಷವಿದೆ. ಎಂಜಿನ್ ತನ್ನ ಮಿತಿ ಮೀರಿ ತಿರುಗಿದ್ದು ಎಷ್ಟು ಸಲ, ಯಾವ ಮಟ್ಟಕ್ಕೆ ಎಂಬುದನ್ನು ಅದರ ಕಂಪ್ಯೂಟರೇ ಬರೆದಿಟ್ಟುಕೊಳ್ಳುತ್ತದೆ. ಮ್ಯಾನ್ಯುಯಲ್ ಗಾಡಿಯಲ್ಲಿ ಐದನೇ ಗೇರಿಗೆ ಹಾಕಲು ಹೋಗಿ ಮೂರಕ್ಕೆ ಹಾಕಿದರೆ ಎಂಜಿನ್ ಕಿರುಚುತ್ತದೆ. ಆ ಕಿರುಚು ದಾಖಲಾಗುತ್ತದೆ. ಡೀಲರಿನ ಯಂತ್ರದಲ್ಲಿ ಆ ಪಟ್ಟಿ ತೆಗೆಸಿ ನೋಡಬಹುದು. ಕಂಪನಿಯ ‘ಪೋರ್ಷೆ ಅಪ್ರೂವ್ಡ್’ ತಪಾಸಣೆಯ 111 ಅಂಶಗಳಿಗೆ ಸ್ವಲ್ಪ ಹೆಚ್ಚು ಬೆಲೆ ತೆರುವುದು ದುಬಾರಿ ಎನಿಸಬಹುದು. ಮೊದಲ ಸಲ ಇಂಥ ಕಾರು ಕೊಳ್ಳುವವರಿಗೆ ನಾನು ಅದನ್ನೇ ಹೇಳುತ್ತೇನೆ.

ನೀರು ಕುಡಿದ ಗಾಡಿಗಳದ್ದೇ ಒಂದು ಲೋಕ. 2015ರ ಚೆನ್ನೈ ಪ್ರವಾಹ, 2022ರ ಸೆಪ್ಟೆಂಬರಿನ ಬೆಂಗಳೂರಿನ ಮಳೆ, 2023ರ ಡಿಸೆಂಬರಿನ ಮಿಚಾಂಗ್ ಚಂಡಮಾರುತ. ಬೆಂಗಳೂರಿನ ಯಮಲೂರಿನಲ್ಲಿ ವಿಲ್ಲಾಗಳ ಮುಂದೆ ಕೋಟಿ ಬೆಲೆಯ ಕಾರುಗಳು ಅರ್ಧ ಮುಳುಗಿ ನಿಂತ ಚಿತ್ರಗಳು ಎಲ್ಲ ಪತ್ರಿಕೆಯಲ್ಲೂ ಬಂದಿದ್ದವು. ಅಂಥ ಗಾಡಿಗಳು ಇನ್ಶೂರೆನ್ಸ್ ಹರಾಜಿನಲ್ಲಿ ಮಾರಾಟವಾಗಿ, ತೊಳೆದು, ಒಣಗಿಸಿ ಬೇರೆ ರಾಜ್ಯದಲ್ಲಿ ಮತ್ತೆ ಕಾಣಿಸಿಕೊಳ್ಳುವುದು ಹೊಸತೇನಲ್ಲ. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ನೋಡಿ, ಕೆಸರಿನ ಗೆರೆ ಅಲ್ಲಿ ಉಳಿದಿರುತ್ತದೆ. ಸ್ಟೆಪ್ನಿ ಗುಂಡಿಯ ಮೂಲೆ, ಸೀಟಿನ ಕೆಳಗಿನ ಬೋಲ್ಟು, ಕಾರ್ಪೆಟ್ಟಿನ ಅಡಿಯ ಸ್ಪಂಜು, ಇವನ್ನು ಯಾರೂ ಪೂರ್ತಿ ತೊಳೆಯಲಾರರು. ಒಳಗೆ ಸೆಂಟಿನ ವಾಸನೆ ಜಾಸ್ತಿ ಇದ್ದರೂ ಅನುಮಾನಿಸಿ.

ಕಾಗದ

ನೋಡಲು ಬೇಜಾರಿನ ಭಾಗ ಇದೇ, ದೊಡ್ಡ ಮೊತ್ತ ಮುಳುಗುವುದೂ ಇಲ್ಲೇ.

ಕರ್ನಾಟಕದ ಜೀವಾವಧಿ ತೆರಿಗೆ ದೇಶದಲ್ಲೇ ಅತಿ ಹೆಚ್ಚಿನವುಗಳಲ್ಲಿ ಒಂದು. 20 ಲಕ್ಷ ಮೀರಿದ ಕಾರಿಗೆ ಶೇ 18, ಅದರ ಮೇಲೆ ಸೆಸ್. ಒಟ್ಟು ಸುಮಾರು ಶೇ 20. ಎಂಬತ್ತು ಲಕ್ಷದ ಕಾರಿಗೆ ಹದಿನಾರು ಲಕ್ಷ ತೆರಿಗೆ. ಇದರಿಂದ ತಪ್ಪಿಸಿಕೊಳ್ಳಲು ಪುದುಚೇರಿಯಲ್ಲಿ ನೋಂದಣಿ ಮಾಡಿಸಿ ಬೆಂಗಳೂರಿನಲ್ಲಿ ಓಡಿಸುವ ಚಾಳಿ ಹಳೆಯದು. 2025ರ ಫೆಬ್ರುವರಿಯಲ್ಲಿ ಸಾರಿಗೆ ಇಲಾಖೆಯವರು ತೆರಿಗೆ ಕಟ್ಟದೆ ಓಡುತ್ತಿದ್ದ 30 ಐಷಾರಾಮಿ ಕಾರುಗಳನ್ನು ಬೆಂಗಳೂರಿನಲ್ಲಿ ಹಿಡಿದರು; ಅವುಗಳಲ್ಲಿ ಫೆರಾರಿ, ಪೋರ್ಷೆ, ಬಿಎಂಡಬ್ಲ್ಯು ಎಲ್ಲ ಇದ್ದವು. ಅದೇ ವರ್ಷ ಜುಲೈನಲ್ಲಿ ಮಹಾರಾಷ್ಟ್ರ ನೋಂದಣಿಯ ಒಂದು ಫೆರಾರಿಯ ಮಾಲೀಕರು ಸುಮಾರು ₹1.42 ಕೋಟಿ ತೆರಿಗೆ, ದಂಡ ಕಟ್ಟಬೇಕಾಯಿತು.

ಹೊರ ರಾಜ್ಯದ ನಂಬರಿನ ಗಾಡಿ ಅಗ್ಗವಾಗಿ ಕಂಡರೆ ಈ ಲೆಕ್ಕ ಸೇರಿಸಿಕೊಳ್ಳಿ. ಮೋಟಾರು ವಾಹನ ಕಾಯ್ದೆಯ 47ನೇ ಸೆಕ್ಷನ್ ಪ್ರಕಾರ ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಇನ್ನೊಂದು ರಾಜ್ಯದಲ್ಲಿರುವ ಗಾಡಿಗೆ ಅಲ್ಲಿನ ನಂಬರು ಹಾಕಿಸಬೇಕು. ಇಲ್ಲಿ ತೆರಿಗೆ ಗಾಡಿಯ ವಯಸ್ಸಿಗೆ ತಕ್ಕಂತೆ ಇಳಿಯುತ್ತದೆ, ಆದರೂ ಲಕ್ಷಗಳ ಮಾತು. ಹಳೆಯ ರಾಜ್ಯದಿಂದ ಉಳಿದ ತೆರಿಗೆ ವಾಪಸು ಪಡೆಯುವುದು ಎಷ್ಟು ತಿಂಗಳ ಓಡಾಟವೆಂದು ಪಡೆದವರನ್ನೇ ಕೇಳಿ. ದೆಹಲಿಯಿಂದ ಬರುವ ಗಾಡಿಗಳು ಅಗ್ಗವಾಗಲು ಬೇರೆ ಕಾರಣವೂ ಇದೆ: ಅಲ್ಲಿ ಹತ್ತು ವರ್ಷ ದಾಟಿದ ಡೀಸೆಲ್, ಹದಿನೈದು ದಾಟಿದ ಪೆಟ್ರೋಲ್ ಗಾಡಿಗಳ ಮೇಲೆ ನ್ಯಾಯಾಲಯದ ಆದೇಶದ ಕತ್ತಿ ತೂಗುತ್ತಾ ಬಂದಿದೆ.

ಆರ್‌ಸಿಯಲ್ಲಿ ಸಾಲದ ನಮೂದು ಇದ್ದರೆ ಬ್ಯಾಂಕಿನ ಫಾರಂ 35 ಬರುವವರೆಗೆ ಪೂರ್ತಿ ಹಣ ಕೊಡಬೇಡಿ. ಫಾರಂ 29, 30 ಇಲ್ಲದೆ ಹೆಸರು ಬದಲಾಗದು. ಬೇರೆ ಆರ್‌ಟಿಒ ವ್ಯಾಪ್ತಿಯದಾದರೆ ಫಾರಂ 28ರ ಎನ್‌ಒಸಿ. ಕಾರು ಕೈಗೆ ಬಂದ ಹದಿನಾಲ್ಕು ದಿನದೊಳಗೆ ಇನ್ಶೂರೆನ್ಸನ್ನು ನಿಮ್ಮ ಹೆಸರಿಗೆ ಬದಲಿಸಲು ಅರ್ಜಿ ಹಾಕಬೇಕು. ಹಿಂದಿನವರ ನೋ ಕ್ಲೇಮ್ ಬೋನಸ್ ಅವರ ಜೊತೆಗೇ ಹೋಗುತ್ತದೆ, ಗಾಡಿಯ ಜೊತೆಗಲ್ಲ. ಆದರೆ ಆ ಬೋನಸ್ ಎಷ್ಟಿತ್ತು ಎಂದು ಪಾಲಿಸಿ ನೋಡಿದರೆ ಎಷ್ಟು ವರ್ಷ ಕ್ಲೇಮ್ ಆಗಿಲ್ಲ ಎಂಬುದು ತಿಳಿಯುತ್ತದೆ. ಅಪಘಾತವೇ ಆಗಿಲ್ಲ ಎನ್ನುವವರ ಪಾಲಿಸಿಯಲ್ಲಿ ಬೋನಸ್ ಸೊನ್ನೆ ಇದ್ದರೆ ಮಾತು ಮುಂದುವರಿಸುವುದು ವ್ಯರ್ಥ. ಆರ್ಭಟಿಸುವ ಸೈಲೆನ್ಸರ್ ಹಾಕಿಸಿದ ಗಾಡಿಯಾದರೆ ಕಂಪನಿಯ ಹಳೆಯ ಸೈಲೆನ್ಸರನ್ನೂ ಕೇಳಿ ಪಡೆಯಿರಿ; 52ನೇ ಸೆಕ್ಷನ್ ಪ್ರಕಾರ ಅಂಥ ಬದಲಾವಣೆಗಳು ಅಪರಾಧ, ಪೊಲೀಸರ ಕಿವಿಯೂ ಈಗ ಚುರುಕಾಗಿದೆ.

ಆಮದಾದ ಅಪರೂಪದ ಗಾಡಿಯಾದರೆ ಕಸ್ಟಮ್ಸ್ ಕಾಗದವೂ ಬೇಕು. 2025ರ ಸೆಪ್ಟೆಂಬರಿನಲ್ಲಿ ಕೇರಳದಲ್ಲಿ ಕಸ್ಟಮ್ಸ್ ಇಲಾಖೆ ‘ಆಪರೇಷನ್ ನುಮ್‌ಖೋರ್’ ಹೆಸರಿನಲ್ಲಿ, ಭೂತಾನಿನ ಮೂಲಕ ಸುಂಕ ತಪ್ಪಿಸಿ ತಂದ ವಾಹನಗಳನ್ನು ಹುಡುಕಿ ವಶಪಡಿಸಿಕೊಂಡಿತು. ಎಷ್ಟೋ ಕೈ ಬದಲಾದ ಮೇಲೆ ಕೊಂಡವರು ಕೂಡ ವಿಚಾರಣೆ ಎದುರಿಸಬೇಕಾಯಿತು.

ಕೊನೆಗೆ ಹಣದ ಮಾತು. ಕೈಯಲ್ಲಿರುವ ಮೊತ್ತವೆಲ್ಲ ಕಾರಿಗೆ ಸುರಿಯಬೇಡಿ. ಕಾರಿನ ಬೆಲೆಯ ಐದನೇ ಒಂದು ಪಾಲನ್ನು ಮೊದಲ ವರ್ಷದ ರಿಪೇರಿಗೆ ಬೇರೆ ಇಡಿ; ಕೊಂಡ ತಿಂಗಳಲ್ಲೇ ಎಲ್ಲ ಎಣ್ಣೆ, ಟಯರ್, ಬ್ಯಾಟರಿ ಬದಲಿಸಲು ಅದರಲ್ಲೊಂದಿಷ್ಟು ಖರ್ಚಾಗುತ್ತದೆ. ಆ ಪಾಲು ಇಡಲು ಆಗದಿದ್ದರೆ ಒಂದು ಮೆಟ್ಟಿಲು ಕೆಳಗಿನ ಕಾರು ನೋಡಿ. ಕಷ್ಟಪಟ್ಟು ಕೊಂಡು ಸರ್ವಿಸ್ ತಪ್ಪಿಸಿದ ಪೋರ್ಷೆ 911ಗಿಂತ ನಿಶ್ಚಿಂತೆಯಿಂದ ಓಡುವ ವಿಆರ್‌ಎಸ್ ಹೆಚ್ಚು ಭಾನುವಾರ ರಸ್ತೆಯ ಮೇಲಿರುತ್ತದೆ. ಮೂವತ್ತು ಲಕ್ಷದೊಳಗಾದರೆ ಮ್ಯಾಪ್ ಕೆದಕದ ವಿಆರ್‌ಎಸ್‌ಗೆ ಕಾಯಿರಿ, ಎರಡೇ ಸೀಟು ಸಾಕೆನ್ನುವವರಾದರೆ ಬಿಲ್ಲುಗಳ ಕಡತ ಪೂರ್ತಿ ಇರುವ 981ಕ್ಕೆ. ಟೋಕನ್ ಕೊಡುವಾಗ, ಬೇರೆ ಕಡೆ ತಪಾಸಣೆ ಮಾಡಿಸಿ ಸರಿಬಾರದಿದ್ದರೆ ಹಣ ವಾಪಸು ಎಂದು ಒಂದು ಸಾಲು ಬರೆಸಿಕೊಳ್ಳಿ. ಆ ಸಾಲಿಗೆ ಸಹಿ ಹಾಕಲು ಹಿಂಜರಿಯುವವರ ಕಾರು ಎಷ್ಟೇ ಹೊಳೆಯುತ್ತಿದ್ದರೂ ಬೇಡ.